ಡಾಕ್ಟರ್ ಗಾಡಿ, ಕಡಿಮೆ ಓಡಿದ್ದು

ಚಿಕ್ಕೋಡಿ, ನಿಪ್ಪಾಣಿ ಕಡೆ ಹಳೆಯ ದುಬಾರಿ ಎಸ್‌ಯುವಿ ಕೊಳ್ಳಲು ಹೊರಟವರಿಗೆ ಏಜೆಂಟ್ ಮೊದಲು ಹೇಳುವುದು ಮೂರು ಮಾತು: ‘ಡಾಕ್ಟರ್ ಗಾಡಿ ಅಣ್ಣಾ. ಒಬ್ಬರ ಓನರ್. ಬರೇ ನಲವತ್ತು ಸಾವಿರ ಓಡೇತಿ.’ ಇಷ್ಟು ಕೇಳುವಷ್ಟರಲ್ಲಿ ಅರ್ಧ ವ್ಯವಹಾರ ಕುದುರಿರುತ್ತದೆ. ಮಿಕ್ಕದ್ದು ಬಣ್ಣ, ಸನ್‌ರೂಫ್, ಸೀಟಿನ ಚರ್ಮ ಮತ್ತು ರೇಟಿನ ಚೌಕಾಶಿ. ಬಾನೆಟ್ ಎತ್ತಿ ನೋಡುವುದು ಶಾಸ್ತ್ರಕ್ಕೆ. ರಾಯಬಾಗ, ಅಥಣಿ, ಕಾಗವಾಡದಲ್ಲೂ ಇದೇ ಪಾಠ ನಡೆಯುತ್ತದೆ. ಮೀಟರಿನ ಅಂಕಿ ಚಿಕ್ಕದಿದ್ದಷ್ಟೂ ಗಾಡಿ ಗಟ್ಟಿ ಎಂಬ ನಂಬಿಕೆಯನ್ನು ಕೊಳ್ಳುವವನೂ ಪ್ರಶ್ನಿಸುವುದಿಲ್ಲ, ಮಾರುವವನೂ ಪ್ರಶ್ನಿಸುವುದಿಲ್ಲ, ಜೊತೆಗೆ ಬಂದ ಮಾವನಂತೂ ಪ್ರಶ್ನಿಸುವುದೇ ಇಲ್ಲ.

ಕಬ್ಬಿನ ಬಿಲ್ಲು ಕೈಗೆ ಬಂದ ತಿಂಗಳು, ಮನೆಯಲ್ಲಿ ಲಗ್ನ ಗೊತ್ತಾದ ವರ್ಷ, ಚುನಾವಣೆ ಹತ್ತಿರ ಬಂದ ಕಾಲ. ಇಂಥ ಹೊತ್ತಿನಲ್ಲೇ ಈ ಗಾಡಿಗಳು ಊರೊಳಗೆ ಬರುತ್ತವೆ. ಹೆಚ್ಚಿನವು ಪುಣೆಯ ಎಂಎಚ್-12, ಎಂಎಚ್-14 ನಂಬರಿನವು. ಕೆಲವು ಮುಂಬೈಯವು, ಕೆಲವು ದಿಲ್ಲಿಯವು. ದಿಲ್ಲಿ ಗಾಡಿ ಇಷ್ಟು ದೂರ ಬರುವುದಕ್ಕೆ ಕಾರಣವಿದೆ. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳು ಅಲ್ಲಿ ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಬೆಲೆ ಕಳೆದುಕೊಂಡ ಗಾಡಿ ಎನ್‌ಒಸಿ ಹಿಡಿದು ದಕ್ಷಿಣದ ದಾರಿ ಹಿಡಿಯಿತು. ಹೊಸದಿದ್ದಾಗ ಮುಕ್ಕಾಲು ಕೋಟಿಯ ಆಸುಪಾಸಿನಲ್ಲಿದ್ದ ಮರ್ಸಿಡಿಸ್ ಜಿಎಲ್ ಅಥವಾ ಆಡಿ ಕ್ಯೂ7 ಹೀಗೆ ಹೊಸ ಕ್ರೆಟಾದ ರೊಕ್ಕಕ್ಕೆ ಸಿಗುವಾಗ ಯಾರಿಗೆ ಆಸೆಯಾಗುವುದಿಲ್ಲ?

ಆಸೆ ತಪ್ಪಲ್ಲ, ಅದನ್ನು ತೂಗುವ ತಕ್ಕಡಿ ತಪ್ಪು. ಹತ್ತು ವರ್ಷದಲ್ಲಿ ನಲವತ್ತು ಸಾವಿರ ಕಿಲೋಮೀಟರ್ ಮಾತ್ರ ಓಡಿದ ಲಕ್ಸುರಿ ಎಸ್‌ಯುವಿಯನ್ನು ಅನುಮಾನದಿಂದಲೇ ನೋಡಬೇಕು. ಒಂದು ಲಕ್ಷ ಇಪ್ಪತ್ತು ಸಾವಿರ ಓಡಿ, ವರ್ಷವರ್ಷದ ಬಿಲ್ಲನ್ನು ಫೈಲಿನಲ್ಲಿ ಇಟ್ಟುಕೊಂಡ ಗಾಡಿಯನ್ನು ಧೈರ್ಯವಾಗಿ ನೋಡಬಹುದು. ಈ ಜಾತಿಯ ಗಾಡಿಗಳನ್ನು ಓಟ ಕೆಡಿಸಿದ್ದಕ್ಕಿಂತ ವಯಸ್ಸು, ನಿಂತಿರುವಿಕೆ ಮತ್ತು ಮುಂದೂಡಿದ ಸರ್ವಿಸ್ ಕೆಡಿಸಿದ್ದು ಹೆಚ್ಚು.

ಹಳೆಯ ನಂಬಿಕೆ ಹುಚ್ಚರದ್ದೇನಲ್ಲ, ಅದಕ್ಕೊಂದು ಕಾಲವಿತ್ತು. ಮಹೀಂದ್ರಾ ಜೀಪು, ಕಮಾಂಡರ್, ಅಂಬಾಸಿಡರ್ ಓಡಿಸಿದ ತಲೆಮಾರಿಗೆ ಗಾಡಿ ಎಂದರೆ ಕಬ್ಬಿಣ. ಓಡಿದಷ್ಟು ಪಿಸ್ಟನ್ ರಿಂಗು ಸವೆಯುತ್ತಿತ್ತು, ಬೇರಿಂಗು ಸವೆಯುತ್ತಿತ್ತು, ಹೊಗೆ ಬರುತ್ತಿತ್ತು, ಇಂಜಿನ್ ಬಿಚ್ಚಿ ಬೋರಿಂಗ್ ಮಾಡಿಸಬೇಕಿತ್ತು. ಟ್ರ್ಯಾಕ್ಟರಿಗಂತೂ ಇವತ್ತಿಗೂ ಎಷ್ಟು ತಾಸು ದುಡಿದಿದೆ ಎಂಬ ಮೀಟರೇ ಜಾತಕ. ದುಡಿಮೆಯಿಂದ ಸವೆಯುವ ಯಂತ್ರಕ್ಕೆ ದುಡಿಮೆಯ ಲೆಕ್ಕ ಸರಿಯಾದ ಅಳತೆ. ಆ ಅಳತೆಯನ್ನು ಹಾಗೆಯೇ ತಂದು ರಬ್ಬರು, ಪ್ಲಾಸ್ಟಿಕ್ಕು, ಸೆನ್ಸಾರು, ಸಾಫ್ಟ್‌ವೇರುಗಳ ಗಾಡಿಗೆ ಹಚ್ಚಿದ್ದರಲ್ಲಿ ಎಡವಟ್ಟಾಗಿದೆ. ಇದಕ್ಕೆ ಸಾಕ್ಷಿ ಗಾಡಿಯ ಜೊತೆ ಬರುವ ಕೈಪಿಡಿಯಲ್ಲೇ ಇದೆ. ಸರ್ವಿಸ್ ಪಟ್ಟಿಯಲ್ಲಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು ಎಂದು ಬರೆದಿರುತ್ತದೆ. ಬ್ರೇಕ್ ಆಯಿಲ್‌ಗೆ ವರ್ಷದ ಮಿತಿ ಇದೆ, ಏಕೆಂದರೆ ಅದು ಗಾಳಿಯ ತೇವ ಹೀರುತ್ತದೆ. ಕೂಲಂಟಿಗೆ ಇದೆ, ಟೈಮಿಂಗ್ ಬೆಲ್ಟಿಗೆ ಇದೆ. ಓಡದೆ ನಿಂತ ಗಾಡಿಯಲ್ಲಿ ಇವೆಲ್ಲ ನಿಂತಲ್ಲೇ ಮುದಿಯಾಗುತ್ತವೆ, ಮೀಟರು ಮಾತ್ರ ಎಳೆಯದಾಗಿ ಉಳಿಯುತ್ತದೆ.

ಮಾತು ಗಾಳಿಯಲ್ಲಿ ಬೇಡ, ಗಾಡಿಯ ಹತ್ತಿರವೇ ಹೋಗೋಣ. ಬೆಳಗಿನ ಏಳು ಗಂಟೆಗೆ ಮಾರುವವನ ಅಂಗಳಕ್ಕೆ ಹೇಳದೆ ಹೋಗಿ ನೋಡಿ. ರಾತ್ರಿಯಿಡೀ ನಿಂತ ದೊಡ್ಡ ಎಸ್‌ಯುವಿಯ ಎಡಗಡೆ ಮುಂದಿನ ಮೂಲೆ ನಾಲ್ಕು ಬೆರಳಿನಷ್ಟು ಕುಸಿದಿರುತ್ತದೆ. ಟೈರಿನ ಮೇಲೆ ಮಡ್‌ಗಾರ್ಡು ಕೂತಂತೆ ಕಾಣುತ್ತದೆ. ಕೇಳಿದರೆ, ‘ಅದೇನಿಲ್ಲ ಅಣ್ಣಾ, ಥಂಡಿಗೆ ಹಂಗ ಆಕ್ಕೈತಿ. ಚಾಲೂ ಮಾಡಿದ್ರ ತಾನ ಏಳ್ತೈತಿ.’ ಕೀಲಿ ತಿರುವುತ್ತಾನೆ, ಹಿಂದಿನಿಂದ ಗುಂಯ್ ಎಂಬ ಸದ್ದು ಬರುತ್ತದೆ, ಒಂದು ನಿಮಿಷದಲ್ಲಿ ಗಾಡಿ ಸಲಾಮು ಹೊಡೆದಂತೆ ಎದ್ದು ನಿಲ್ಲುತ್ತದೆ. ಕೊಳ್ಳಲು ಬಂದವರಿಗೆ ಅದೇ ಒಂದು ತಮಾಷೆ, ಮೊಬೈಲಿನಲ್ಲಿ ವಿಡಿಯೊ ತೆಗೆದುಕೊಳ್ಳುತ್ತಾರೆ. ನಿಜಕ್ಕೂ ಅಲ್ಲಿ ನಡೆದದ್ದು ಇಷ್ಟು: ಸ್ಪ್ರಿಂಗಿನ ಬದಲು ಇರುವ ರಬ್ಬರಿನ ಗಾಳಿಚೀಲ ಹಳೆಯದಾಗಿ ಮಡಿಕೆಗಳಲ್ಲಿ ಬಿರುಕು ಬಿಟ್ಟಿದೆ, ರಾತ್ರಿಯಿಡೀ ಗಾಳಿ ಸೋರಿದೆ, ಬೆಳಿಗ್ಗೆ ಕಂಪ್ರೆಸರ್ ಅದನ್ನು ಮತ್ತೆ ತುಂಬಿದೆ. ಸೋರುವ ಚೀಲವನ್ನು ಹೀಗೆ ದಿನವೂ ತುಂಬುವ ಕಂಪ್ರೆಸರ್ ತನ್ನ ಶಕ್ತಿಗೆ ಮೀರಿ ದುಡಿದು ಒಂದು ದಿನ ಸುಟ್ಟುಹೋಗುತ್ತದೆ. ಒಂದು ಚೀಲ ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಆಗ ಕಂಪ್ರೆಸರ್, ರಿಲೇ, ಕೆಲವೊಮ್ಮೆ ವಾಲ್ವ್ ಬ್ಲಾಕ್ ಸೇರುತ್ತವೆ. ಮರ್ಸಿಡಿಸ್ ಜಿಎಲ್, ಆಡಿ ಕ್ಯೂ7, ರೇಂಜ್ ರೋವರ್, ಎಲ್ಲದರಲ್ಲೂ ಇದೇ ಕತೆ. ರಬ್ಬರಿಗೆ ಕಿಲೋಮೀಟರ್ ಲೆಕ್ಕ ಗೊತ್ತಿಲ್ಲ, ವರ್ಷದ ಲೆಕ್ಕ ಗೊತ್ತಿದೆ.

ಮರ್ಸಿಡಿಸ್‌ನ ಮೂರು ಲೀಟರಿನ ವಿ6 ಡೀಸೆಲ್, ಓಎಂ642 ಎಂಬ ಇಂಜಿನ್ನು, ಇನ್ನೊಂದು ಒಳ್ಳೆಯ ಪಾಠ. ಎಂಎಲ್, ಜಿಎಲ್‌ಗಳಲ್ಲಿ ಕೂತ ಈ ಇಂಜಿನ್ನು ಸ್ವಭಾವದಲ್ಲಿ ಗಟ್ಟಿ, ನೋಡಿಕೊಂಡವರ ಕೈಯಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತದೆ. ಅದರ ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ಆಯಿಲ್ ಕೂಲರ್ ಇದೆ. ಅದಕ್ಕೆ ಹಾಕಿದ ರಬ್ಬರ್ ಸೀಲುಗಳು ಇಂಜಿನ್ ಬಿಸಿಗೆ ವರ್ಷಗಳಲ್ಲಿ ಗಟ್ಟಿಯಾಗಿ ಆಯಿಲ್ ಸೋರಲು ಬಿಡುತ್ತವೆ. ಮೊದಲು ಬಂದವು ಕಿತ್ತಳೆ ಬಣ್ಣದ ಸೀಲು. ಕಂಪನಿ ಆಮೇಲೆ ಬಿಸಿ ತಡೆಯುವ ನೇರಳೆ ಬಣ್ಣದ ವೈಟನ್ ಸೀಲು ತಂದಿತು. ಸೀಲಿನ ಬೆಲೆ ಒಂದು ಊಟದ ಖರ್ಚಿನಷ್ಟು. ಅದನ್ನು ಮುಟ್ಟಬೇಕಾದರೆ ಟರ್ಬೊ ಬಿಚ್ಚಬೇಕು, ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಬೇಕು, ಒಂದೆರಡು ದಿನದ ಕೂಲಿ ಕೊಡಬೇಕು. ಇಂಥ ಗಾಡಿಯ ಮೀಟರಿನಲ್ಲಿ ನಲವತ್ತು ಸಾವಿರ ಇದ್ದರೇನು, ತೊಂಬತ್ತು ಸಾವಿರ ಇದ್ದರೇನು? ಕೇಳಬೇಕಾದದ್ದು ಒಂದೇ: ನೇರಳೆ ಸೀಲು ಬಿದ್ದಿದೆಯೇ, ಬಿಲ್ಲು ಎಲ್ಲಿ?

ಗೇರ್‌ಬಾಕ್ಸಿನ ಬಗ್ಗೆಯೂ ಒಂದು ದೊಡ್ಡ ನಂಬಿಕೆ ಚಾಲ್ತಿಯಲ್ಲಿದೆ. ಆಟೋಮ್ಯಾಟಿಕ್‌ನ ಆಯಿಲ್ ‘ಲೈಫ್‌ಟೈಮ್’, ಮುಟ್ಟುವ ಹಾಗಿಲ್ಲ ಎನ್ನುತ್ತಾರೆ. ಗಾಡಿ ಮಾರುವ ಕಂಪನಿಗಳು ಹಾಗೆಂದದ್ದು ನಿಜ. ಬಿಎಂಡಬ್ಲ್ಯು, ಲ್ಯಾಂಡ್ ರೋವರ್, ಆಡಿಗಳಿಗೆ ಎಂಟು ಗೇರಿನ ಪೆಟ್ಟಿಗೆ ಮಾಡಿಕೊಡುವ ಜರ್ಮನಿಯ ಜೆಡ್‌ಎಫ್ ಕಂಪನಿ ಹೇಳುವುದೇ ಬೇರೆ: 80,000ದಿಂದ 1,20,000 ಕಿಲೋಮೀಟರ್ ಒಳಗೆ ಅಥವಾ ಎಂಟು ವರ್ಷಕ್ಕೆ ಆಯಿಲ್ ಬದಲಿಸಿ. ಪೆಟ್ಟಿಗೆ ಮಾಡಿದವನ ಮಾತು ನಂಬಬೇಕೋ, ವಾರಂಟಿ ಮುಗಿಯುವವರೆಗೆ ಗಾಡಿ ಓಡಿದರೆ ಸಾಕೆನ್ನುವವನ ಮಾತು ನಂಬಬೇಕೋ? ಹತ್ತು ವರ್ಷದ ‘ಕಡಿಮೆ ಓಡಿದ’ ಗಾಡಿಯಲ್ಲಿ ಈ ಆಯಿಲ್ ಒಮ್ಮೆಯೂ ಬದಲಾಗದೆ ಇರುವ ಸಾಧ್ಯತೆಯೇ ಹೆಚ್ಚು. ಕಿಲೋಮೀಟರ್ ಆಗಿಲ್ಲವಲ್ಲ ಎಂಬುದು ನೆಪ.

ಡೀಸೆಲ್‌ನ ಹೊಗೆಕೊಳವೆಯಲ್ಲಿರುವ ಡಿಪಿಎಫ್ ಎಂಬ ಮಸಿ ಸೋಸುವ ಜಾಲರಿ ಕಡಿಮೆ ಓಟದ ಗಾಡಿಗೆ ನೇರ ಶತ್ರು. ದೇಶದೆಲ್ಲೆಡೆ ಬಿಎಸ್-6 ಜಾರಿಯಾದದ್ದು 2020ರ ಏಪ್ರಿಲ್ 1ರಂದು. ಆಮೇಲಿನ ಡೀಸೆಲ್ ಗಾಡಿಗಳಲ್ಲಿ ಇದು ಇದ್ದೇ ಇರುತ್ತದೆ, ಜರ್ಮನ್ ಕಂಪನಿಗಳ ಹಲವು ಗಾಡಿಗಳಲ್ಲಿ ಅದಕ್ಕೂ ಮೊದಲೇ ಇತ್ತು. ಕೂಡಿಬಿದ್ದ ಮಸಿ ಸುಟ್ಟುಹೋಗಲು ಹೊಗೆಯ ಬಿಸಿ 600 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಬೇಕು, ಅದಕ್ಕೆ ಗಾಡಿ ಕಾಲು ತಾಸಾದರೂ ಒಂದೇ ಸಮ ಓಡಬೇಕು. ಮನೆಯಿಂದ ಹೊಲಕ್ಕೆ, ಹೊಲದಿಂದ ಕಾರ್ಖಾನೆಗೆ, ಅಲ್ಲಿಂದ ಪೇಟೆಗೆ ಓಡುವ ಗಾಡಿಗೆ ಆ ಬಿಸಿ ಸಿಗುವುದಿಲ್ಲ. ಸುಡುವ ಕೆಲಸ ಅರ್ಧಕ್ಕೇ ನಿಂತಾಗ ಅದಕ್ಕೆಂದು ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತದೆ. ನೋಡಲು ಬಂದವರು ಆಯಿಲ್ ತುಂಬಿದೆ ಎಂದು ಖುಷಿಪಡುತ್ತಾರೆ. ಅದು ಡೀಸೆಲ್ ಬೆರೆತು ನೀರಾದ ಆಯಿಲ್, ಟರ್ಬೊ ಮತ್ತು ಬೇರಿಂಗುಗಳಿಗೆ ವಿಷ. ನವೆಂಬರಿನಿಂದ ಮಾರ್ಚ್‌ವರೆಗೆ ಡಬಲ್ ಟ್ರೇಲರ್ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ನಮ್ಮ ರಸ್ತೆಗಳಲ್ಲಿ ಈ ಕಾಯಿಲೆ ಇನ್ನೂ ಬೇಗ ಬರುತ್ತದೆ. ಮದ್ದು ಸುಲಭ: ವಾರಕ್ಕೊಮ್ಮೆ ನಿಪ್ಪಾಣಿಯಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದು, ತವಂದಿ ಘಾಟ್ ದಾಟಿ, ಸಂಕೇಶ್ವರದ ಆಚೆಯವರೆಗೆ ಒಂದೇ ವೇಗದಲ್ಲಿ ಹೋಗಿ ಬರುವುದು. ಗಾಡಿಯನ್ನು ಉಳಿಸಲು ಓಡಿಸಬೇಕು ಎಂದರೆ ನಮ್ಮವರಿಗೆ ನಗು ಬರುತ್ತದೆ, ಆದರೂ ಇದೇ ಸತ್ಯ.

ಇಲ್ಲಿ ಎದುರು ಮಾತು ಬರಬಹುದು, ಬರಬೇಕು ಕೂಡ. ಓಟದಿಂದಲೇ ಕೆಡುವ ಭಾಗಗಳು ಈ ಗಾಡಿಗಳಲ್ಲಿ ಇಲ್ಲವೇ? ಇವೆ. 2011ರ ಆಸುಪಾಸಿನ ಬಿಎಂಡಬ್ಲ್ಯು ಎಕ್ಸ್1, ಎಕ್ಸ್3ಗಳ ಎರಡು ಲೀಟರ್ ಡೀಸೆಲ್, ಎನ್47 ಇಂಜಿನ್ನಿನ ಟೈಮಿಂಗ್ ಚೈನು ಜಗತ್ತಿನಾದ್ಯಂತ ಹೆಸರು ಕೆಡಿಸಿಕೊಂಡಿದೆ. ಚೈನು ಇರುವುದು ಗೇರ್‌ಬಾಕ್ಸಿನ ಕಡೆ. ಬದಲಿಸಲು ಇಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಲೇಬೇಕು. ಲ್ಯಾಂಡ್ ರೋವರ್ ಡಿಸ್ಕವರಿ, ರೇಂಜ್ ರೋವರ್ ಸ್ಪೋರ್ಟ್‌ಗಳ ವಿ6 ಡೀಸೆಲ್‌ನ ಕ್ರ್ಯಾಂಕ್‌ಶಾಫ್ಟ್ ಮುರಿದ ಕತೆಗಳೂ ಅಷ್ಟೇ ಪ್ರಸಿದ್ಧ. ಆದರೆ ಈ ಎರಡೂ ದೋಷಗಳ ಮಟ್ಟಿಗೆ ಓಟ ಕಡಿಮೆ ಎಂಬುದು ಯಾವ ಭರವಸೆಯನ್ನೂ ಕೊಡುವುದಿಲ್ಲ. ಚಿಕ್ಕ ಅಂಕಿಯ ಗಾಡಿಗಳೂ ಇದಕ್ಕೆ ಬಲಿಯಾಗಿವೆ. ಹೆಚ್ಚು ಬಾಳಿದವು ಸಾಮಾನ್ಯವಾಗಿ ಆಯಿಲ್ ಬೇಗ ಬೇಗ ಬದಲಿಸಿದವರ ಗಾಡಿಗಳು. ಗಾಡಿಯ ಕಂಪ್ಯೂಟರ್ 25,000 ಕಿಲೋಮೀಟರ್ ಅಥವಾ ಎರಡು ವರ್ಷ ಎಂದು ತೋರಿಸಿದರೂ, ನಮ್ಮ ಧೂಳು, ನಮ್ಮ ಬಿಸಿಲು, ನಮ್ಮ ಟ್ರ್ಯಾಕ್ಟರ್ ಸಾಲಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷವೇ ಸರಿ. ಅದೂ ಡಿಪಿಎಫ್‌ಗೆ ಒಗ್ಗುವ, ಬೂದಿ ಕಡಿಮೆ ಬಿಡುವ, ಕೈಪಿಡಿಯಲ್ಲಿ ಹೆಸರಿಸಿದ ದರ್ಜೆಯ ಆಯಿಲ್ ಆಗಬೇಕು. ಲಾರಿಗೆ ತಂದ ಡಬ್ಬಿಯಲ್ಲಿ ಉಳಿದದ್ದನ್ನು ಸುರಿಯುವುದಲ್ಲ.

ಇಷ್ಟಾಗಿಯೂ ಮೀಟರಿನ ಅಂಕಿಯನ್ನೇ ನಂಬುವವರಿಗೆ ಇನ್ನೊಂದು ಮಾತು: ಇಡೀ ಗಾಡಿಯಲ್ಲಿ ಸುಲಭವಾಗಿ ತಿದ್ದಬಹುದಾದದ್ದು ಆ ಅಂಕಿಯೇ. ಲ್ಯಾಪ್‌ಟಾಪ್ ಜೋಡಿಸಿ ಡ್ಯಾಶ್‌ಬೋರ್ಡಿನ ಅಂಕಿ ಇಳಿಸುವುದು ಅರ್ಧ ತಾಸಿನ ಕೆಲಸ. ಹಲವು ಜರ್ಮನ್ ಗಾಡಿಗಳಲ್ಲಿ ಓಟದ ಲೆಕ್ಕ ಬೇರೆ ಬೇರೆ ಕಂಟ್ರೋಲ್ ಮಾಡ್ಯೂಲುಗಳಲ್ಲೂ, ಕೆಲವದರಲ್ಲಿ ಕೀಲಿಯೊಳಗೂ ಉಳಿದಿರುತ್ತದೆ. ಸ್ಕ್ಯಾನರ್ ಹಚ್ಚಿ ಓದಿದರೆ ಒಂದಕ್ಕೊಂದು ತಾಳೆಯಾಗುತ್ತದೋ ಇಲ್ಲವೋ ತಿಳಿಯುತ್ತದೆ. ಸ್ಕ್ಯಾನರ್ ಇಲ್ಲದಿದ್ದರೆ ಟೈರು ನೋಡಿ. ಪಕ್ಕೆಯ ಮೇಲೆ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. 2319 ಎಂದಿದ್ದರೆ 2019ರ 23ನೇ ವಾರ. 2014ರ ಗಾಡಿ, ಮೀಟರಿನಲ್ಲಿ ನಲವತ್ತು ಸಾವಿರ, ಟೈರು ಮಾತ್ರ ಮೂರನೇ ಜೋಡಿ ಎಂದರೆ ಲೆಕ್ಕ ಎಲ್ಲೋ ತಪ್ಪಿದೆ. ಬ್ರೇಕ್ ಪೆಡಲಿನ ರಬ್ಬರು, ಸ್ಟಿಯರಿಂಗಿನ ಚರ್ಮ, ಡ್ರೈವರ್ ಸೀಟಿನ ಅಂಚು ಇವು ಮೀಟರಿಗಿಂತ ಪ್ರಾಮಾಣಿಕ.

ವಿಚಿತ್ರವೆಂದರೆ ನಮ್ಮ ರೈತನಿಗೆ ಈ ವಿದ್ಯೆ ಬೇರೊಂದು ರೂಪದಲ್ಲಿ ಚೆನ್ನಾಗಿ ಗೊತ್ತಿದೆ. ಖಿಲಾರಿ ಜೋಡಿ ಕೊಳ್ಳುವಾಗ ಹಲ್ಲು ಎಣಿಸುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಮೇವು ಹಾಕಿದವರು ಯಾರೆಂದು ವಿಚಾರಿಸುತ್ತಾನೆ. ಇದು ಎಷ್ಟು ಎಕರೆ ಉತ್ತಿದೆ ಎಂದು ಯಾರೂ ಕೇಳುವುದಿಲ್ಲ. ಕೊಟ್ಟಿಗೆಯಲ್ಲೇ ಕಟ್ಟಿ ಬೆಳೆಸಿದ ಎತ್ತನ್ನು ನೊಗಕ್ಕೆ ನಂಬುವುದೂ ಇಲ್ಲ.

ಈ ಸೀಮೆಯ ನೀರು, ಮಣ್ಣು, ಬೆಳೆ ಸಹ ಈ ಗಾಡಿಗಳನ್ನು ತಮ್ಮದೇ ರೀತಿಯಲ್ಲಿ ಪರೀಕ್ಷಿಸುತ್ತವೆ. ಕಬ್ಬಿನ ರವದಿ ಸುಡುವ ದಿನಗಳಲ್ಲಿ ಹಾರುವ ಕರಿ, ಅಥಣಿ ಕಡೆಯ ಎರೆಮಣ್ಣಿನ ಧೂಳು ಸನ್‌ರೂಫಿನ ಅಂಚಿನಲ್ಲಿ ಕೂರುತ್ತವೆ. ಅಲ್ಲಿಂದ ನೀರು ಇಳಿದುಹೋಗಲು ಸಣ್ಣ ಕೊಳವೆಗಳಿವೆ. ಅವು ಕಟ್ಟಿಕೊಂಡರೆ ಮೊದಲ ಮಳೆಯ ನೀರು ಕಾರ್ಪೆಟ್ಟಿನಡಿಗೆ ಇಳಿಯುತ್ತದೆ. ಅಲ್ಲಿಯೇ ಕಂಟ್ರೋಲ್ ಮಾಡ್ಯೂಲುಗಳು, ಕೆಲವು ಮಾದರಿಗಳಲ್ಲಿ ಮುಂದಿನ ಸೀಟಿನಡಿ ಬ್ಯಾಟರಿ ಇರುತ್ತದೆ. ಲೈಟು ತಾನಾಗಿ ಹತ್ತುವುದು, ಕಿಟಕಿ ಇಳಿಯದಿರುವುದು, ಡ್ಯಾಶ್‌ಬೋರ್ಡಿನಲ್ಲಿ ಹಬ್ಬದ ದೀಪದ ಸರ ಬೆಳಗುವುದು ಹೆಚ್ಚಾಗಿ ಇದರಿಂದ. ನಿಂತ ಗಾಡಿಯ ಬಾನೆಟ್ಟಿನೊಳಗೆ ಇಲಿ ಮನೆ ಮಾಡುವುದು ಕಬ್ಬಿನ ಗದ್ದೆಯ ಪಕ್ಕದವರಿಗೆ ಹೊಸತಲ್ಲ. ಜೀಪಿನಲ್ಲಿ ಅದು ಕಡಿದ ವೈರನ್ನು ಟೇಪು ಸುತ್ತಿ ಸರಿಮಾಡುತ್ತಿದ್ದೆವು. ಇಲ್ಲಿ ಕಡಿದದ್ದು ಸೆನ್ಸಾರಿನ ವೈರಾದರೆ ಗೇರ್‌ಬಾಕ್ಸೇ ಕೆಟ್ಟಿತೆಂದು ಗಾಡಿ ಸುಳ್ಳು ಹೇಳುತ್ತದೆ. ಸವಳು ನೀರಿನ ಊರುಗಳಲ್ಲಿ ಕೂಲಂಟಿನ ಬದಲು ಬೋರ್‌ವೆಲ್ ನೀರು ತುಂಬಿದವರ ಗಾಡಿಯಲ್ಲಿ ಉಪ್ಪು ಕಟ್ಟಿ ಥರ್ಮೋಸ್ಟಾಟ್, ವಾಟರ್ ಪಂಪು ಹೋಗುತ್ತವೆ.

ಇವೆಲ್ಲಕ್ಕಿಂತ ನಮ್ಮ ಭಾಗಕ್ಕೆ ಹೇಳಿ ಮಾಡಿಸಿದ ಅಪಾಯ ಯೂರಿಯಾದ್ದು. ಬಿಎಸ್-6 ದೊಡ್ಡ ಡೀಸೆಲ್ ಗಾಡಿಗಳಿಗೆ ಆಡ್‌ಬ್ಲೂ ಎಂಬ ದ್ರವ ಹಾಕಬೇಕು; ಅದು ಶೇ 32.5ರಷ್ಟು ಶುದ್ಧ ಯೂರಿಯಾ, ಮಿಕ್ಕದ್ದು ಲವಣ ತೆಗೆದ ನೀರು. ಯೂರಿಯಾ ಎಂದ ಕೂಡಲೇ ಮನೆಯ ಗೋದಾಮು ನೆನಪಾಗುತ್ತದೆ. ‘ಚೀಲ ಮನ್ಯಾಗ ಐತಿ, ಅದಕ್ಯಾಕ ರೊಕ್ಕ ಕೊಡೂದು?’ ಎಂಬ ಪ್ರಶ್ನೆ ಸಹಜ. ಹೊಲದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿದೆ, ಬೈಯುರೆಟ್ ಮೊದಲಾದ ಕಲ್ಮಶಗಳಿವೆ. ಅದನ್ನು ಬಾವಿ ನೀರಿನಲ್ಲಿ ಕದಡಿ ಸುರಿದರೆ ಇಂಜೆಕ್ಟರಿನ ಬಾಯಲ್ಲಿ ಹರಳು ಕಟ್ಟುತ್ತದೆ, ದುಬಾರಿ ಕೆಟಲಿಸ್ಟು ಸಾಯುತ್ತದೆ, ಕೊನೆಗೆ ಗಾಡಿ ಸ್ಟಾರ್ಟ್ ಆಗಲೇ ಒಪ್ಪುವುದಿಲ್ಲ. ಉಳಿಸಿದ್ದು ನೂರರ ಲೆಕ್ಕ, ಕಳೆದದ್ದು ಲಕ್ಷದ ಲೆಕ್ಕ.

ಮಹಾಪೂರದ ಮಾತನ್ನೂ ಬಿಡುವಂತಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಚಿಕ್ಕೋಡಿ, ಅಥಣಿ, ರಾಯಬಾಗದ ಹಳ್ಳಿಗಳ ಜೊತೆ ಸಾಂಗಲಿ, ಕೊಲ್ಹಾಪುರಗಳೂ ಮುಳುಗಿದವು. 2021ರ ಜುಲೈಯಲ್ಲಿ ನಿಪ್ಪಾಣಿ ಬಳಿ ಯಮಗರ್ಣಿಯಲ್ಲಿ ಹೆದ್ದಾರಿಯ ಮೇಲೇ ನೀರು ಬಂದು ಸಂಚಾರ ನಿಂತಿತು. ನೀರಿನಲ್ಲಿ ನಿಂತ ಗಾಡಿಯ ಮೀಟರ್ ಕೂಡ ನಿಂತೇ ಇರುತ್ತದೆ, ನೆನಪಿರಲಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ರಾಡಿಯ ಗೆರೆ ಕಂಡರೆ ಅಲ್ಲಿಗೇ ಕೈಮುಗಿದು ಬನ್ನಿ. ಸೀಟಿನ ಹಳಿಯಲ್ಲಿ, ಅದರ ಬೋಲ್ಟುಗಳಲ್ಲಿ ಜಂಗು ಇದ್ದರೂ ಅದೇ ತೀರ್ಮಾನ.

ಕೆಟ್ಟರೆ ನೋಡಿಕೊಂಡರಾಯಿತು, ನಮ್ಮ ಕಡೆ ಮಿಸ್ತ್ರಿಗಳಿಗೆ ಬರವೇ ಎಂಬ ವಿಶ್ವಾಸವೂ ಇದೆ. ಒಂದು ಕಡೆ ಬೆಳಗಾವಿಯ ಉದ್ಯಮಬಾಗ, ಇನ್ನೊಂದು ಕಡೆ ಕೊಲ್ಹಾಪುರದ ಉದ್ಯಮನಗರ ಮತ್ತು ಶಿರೋಳಿಯ ಫೌಂಡ್ರಿಗಳು. ಲೇಥಿನ ಮುಂದೆ ಕೂತರೆ ಯಾವ ಭಾಗವನ್ನಾದರೂ ಮಾಡಿಕೊಡುವ ಕೈಗಳಿವು, ಅದರಲ್ಲಿ ಎರಡು ಮಾತಿಲ್ಲ. ಈ ಕೈಗಳು ಗೆಲ್ಲುವುದು ಕಬ್ಬಿಣದ ಮೇಲೆ. ಮುದಿಯಾದ ಗಾಳಿಚೀಲವನ್ನು ಲೇಥಿನಲ್ಲಿ ಕಡೆಯಲು ಬರುವುದಿಲ್ಲ, ಬದಲಿಸಿದ ಬ್ಯಾಟರಿಯನ್ನು ಗಾಡಿಯ ಕಂಪ್ಯೂಟರಿನಲ್ಲಿ ನೋಂದಾಯಿಸಲು ಸ್ಪ್ಯಾನರ್ ಸಾಲದು. ಕಾರು ಕೆಟ್ಟು ನಿಂತಾಗ ನಮ್ಮ ಮೊದಲ ಉಪಾಯ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವುದು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಆಟೋಮ್ಯಾಟಿಕ್ ಗಾಡಿಯನ್ನು ಹಾಗೆ ಎಳೆದರೆ ಗೇರ್‌ಬಾಕ್ಸಿನೊಳಗೆ ಆಯಿಲ್ ಓಡಾಡದೆ, ಟ್ರಾನ್ಸ್‌ಫರ್ ಕೇಸ್ ಬಿಸಿಯಾಗಿ, ಇನ್ನೂರು ರೂಪಾಯಿಯ ಫ್ಯೂಜಿಗೆ ನಿಂತ ಗಾಡಿ ದೊಡ್ಡ ರಿಪೇರಿಗೆ ಬೀಳುತ್ತದೆ. ನಾಲ್ಕೂ ಚಕ್ರ ಎತ್ತಿ ಹೊರುವ ಫ್ಲ್ಯಾಟ್‌ಬೆಡ್ ಗಾಡಿಯೇ ಬೇಕು. ಎರಡು ಹೊಸ ಟೈರು ಮುಂದೆ, ಎರಡು ಸವೆದದ್ದು ಹಿಂದೆ ಹಾಕುವ ಉಳಿತಾಯವೂ ಹೀಗೆಯೇ ಟ್ರಾನ್ಸ್‌ಫರ್ ಕೇಸನ್ನು ತಿನ್ನುತ್ತದೆ. ಸುತ್ತಳತೆ ಒಂದೇ ಇರಬೇಕೆಂಬುದು ಅದರ ಕರಾರು. ಇದನ್ನೆಲ್ಲ ಬಲ್ಲ, ಸ್ಕ್ಯಾನರ್ ಇಟ್ಟುಕೊಂಡ, ಆ ಒಂದೆರಡು ಕಂಪನಿಯ ಗಾಡಿಗಳನ್ನೇ ನೋಡುವ ಗ್ಯಾರೇಜು ಯಾವುದೆಂದು ಗಾಡಿ ಕೊಳ್ಳುವ ಮೊದಲೇ ಗೊತ್ತಿರಬೇಕು. ಕೊಂಡ ಮೇಲೆ ಹುಡುಕುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ.

ಇಷ್ಟು ಓದಿದವರು ಇನ್ನೊಂದು ತುದಿಯ ತೀರ್ಮಾನಕ್ಕೆ ಬರಬಹುದು: ಇದೆಲ್ಲ ಆನೆ ಸಾಕುವ ಕೆಲಸ, ಸಾಹುಕಾರರಿಗೆ ಬಿಟ್ಟದ್ದು. ಆ ಮಾತೂ ಪೂರ್ತಿ ನಿಜವಲ್ಲ. ಲೆಕ್ಕ ಹಾಕುವ ರೀತಿಯಲ್ಲಿ ತಪ್ಪಿದೆ. ಗಾಡಿಯ ಬೆಲೆ ಇಳಿದಿದೆ, ಅದರ ಸಾಮಾನಿನ ಬೆಲೆ ಇಳಿದಿಲ್ಲ. ಹದಿನೈದು ಲಕ್ಷಕ್ಕೆ ಕೊಂಡರೂ ಅದರ ಗಾಳಿಚೀಲ, ಬ್ರೇಕ್ ಡಿಸ್ಕ್, ಹೆಡ್‌ಲೈಟುಗಳು ಮುಕ್ಕಾಲು ಕೋಟಿ ಗಾಡಿಯವೇ. ಸರ್ಕಾರವೂ ಹಾಗೆಯೇ ಎಣಿಸುತ್ತದೆ. ಹೊರ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಇಲ್ಲಿಯ ನಂಬರ್ ಪಡೆಯಬೇಕು, ನಮ್ಮಲ್ಲಿ ಕೆಎ-23. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್ಸು; ಹಳೆಯದಕ್ಕೆ ವಯಸ್ಸಿಗೆ ತಕ್ಕಂತೆ ರಿಯಾಯಿತಿ ಸಿಗುತ್ತದೆ, ಆದರೆ ಲೆಕ್ಕ ಶುರುವಾಗುವುದು ಹೊಸದಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ ಬೆಲೆಯಿಂದಲ್ಲ. ಏಜೆಂಟ್ ಹೇಳುವ ರೇಟಿನಲ್ಲಿ ಈ ಮೊತ್ತ ಸೇರಿದೆಯೋ ಇಲ್ಲವೋ ಎಂದು ಮೊದಲ ದಿನವೇ ಕೇಳಬೇಕು. ಎನ್‌ಒಸಿಯ ಫಾರ್ಮ್ 28, ವರ್ಗಾವಣೆಯ 29 ಮತ್ತು 30 ಇಲ್ಲದ ಗಾಡಿಗೆ ಮುಂಗಡ ಕೊಡಲೇಬಾರದು.

ಈ ಲೆಕ್ಕವನ್ನು ನಮಗೆ ಅರ್ಥವಾಗುವ ನಾಣ್ಯದಲ್ಲಿ ಹೇಳುತ್ತೇನೆ. 2025ರ ನವೆಂಬರಿನ ರೈತರ ಹೋರಾಟದ ನಂತರ ಸರ್ಕಾರ ಘೋಷಿಸಿದ ಕಬ್ಬಿನ ದರ ಟನ್ನಿಗೆ 3,300 ರೂಪಾಯಿ. ಒಂದು ಲಕ್ಷದ ರಿಪೇರಿ ಎಂದರೆ ಸುಮಾರು 30 ಟನ್ ಕಬ್ಬು. ವರ್ಷಕ್ಕೆ ಇಷ್ಟು ಕಬ್ಬನ್ನು ಗಾಡಿಗೆಂದು ಬೇರೆ ಎತ್ತಿಡುವ ಶಕ್ತಿ ಮತ್ತು ಮನಸ್ಸು ಇದ್ದವರಿಗೆ ಈ ಗಾಡಿ ಆನೆಯಲ್ಲ. ಬಹಳ ಒಳ್ಳೆಯ, ಸುರಕ್ಷಿತ, ಉದ್ದ ಪ್ರಯಾಣಕ್ಕೆ ಹೇಳಿ ಮಾಡಿಸಿದ ಗಾಡಿ. ಕೆಲವು ವರ್ಷ ಅಷ್ಟು ಖರ್ಚು ಬರುವುದೇ ಇಲ್ಲ, ಒಂದು ವರ್ಷ ಅದಕ್ಕೂ ಮೀರಿ ಬರುತ್ತದೆ. ಖರ್ಚು ಬಂದ ವರ್ಷ ಮುಂದೂಡಿದವರ ಕೈಯಲ್ಲಿ ಮಾತ್ರ ಅದು ಆನೆಯಾಗುತ್ತದೆ. ‘ಡಾಕ್ಟರ್ ಗಾಡಿ’ ಎಂಬ ಬಿರುದಿಗೂ ಇದೇ ಪರೀಕ್ಷೆ. ಡಾಕ್ಟರರೋ ವಕೀಲರೋ ಕಂತ್ರಾಟದಾರರೋ, ಕೆಲಸ ಬಂದಾಗ ಮಾಡಿಸಿದರೇ ಎಂಬುದಷ್ಟೇ ಮುಖ್ಯ. ಮನೆ ಮತ್ತು ಆಸ್ಪತ್ರೆಯ ನಡುವೆ ನಾಲ್ಕು ಕಿಲೋಮೀಟರ್ ಓಡಿ ನಿಂತ ಡೀಸೆಲ್ ಗಾಡಿ, ಡಿಪಿಎಫ್‌ನ ದೃಷ್ಟಿಯಲ್ಲಿ, ಎಲ್ಲಕ್ಕಿಂತ ಕೆಟ್ಟ ಬಾಳು ಬಾಳಿದ ಗಾಡಿ.

ಹಾಗಾದರೆ ಏನು ಕೇಳಬೇಕು? ಎಷ್ಟು ಓಡಿದೆ ಎಂಬ ಪ್ರಶ್ನೆಯನ್ನು ಕೊನೆಗೆ ತಳ್ಳಿ. ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಾಯಿತು, ಗಾಳಿಚೀಲ ಯಾವ ವರ್ಷದ್ದು, ಟೈಮಿಂಗ್ ಚೈನು ಅಥವಾ ಬೆಲ್ಟಿಗೆ ಏನು ಮಾಡಿಸಿದ್ದಾರೆ, ಕಳೆದ ಮೂರು ವರ್ಷದ ಬಿಲ್ಲುಗಳು ಎಲ್ಲಿ ಎಂದು ಮೊದಲು ಕೇಳಿ. ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ ನೋಡಿ. ಸ್ಕ್ಯಾನ್ ಮಾಡಿಸಲು ಮಾರುವವನು ಒಪ್ಪದಿದ್ದರೆ ಅಲ್ಲಿಂದ ಎದ್ದುಬನ್ನಿ. ವರ್ಷಕ್ಕೆ 30 ಟನ್ ಎತ್ತಿಡಲು ಆಗದಿದ್ದರೆ ಹಳೆಯ ಫಾರ್ಚೂನರ್ ಅಥವಾ ಇನ್ನೋವಾ ಕೊಳ್ಳಿ. ಸಾಮಾನು ಸಿಗುತ್ತದೆ, ಮಿಸ್ತ್ರಿ ಸಿಗುತ್ತಾನೆ, ಮರ್ಯಾದೆಯೇನೂ ಕಡಿಮೆಯಾಗುವುದಿಲ್ಲ. ಕೊಳ್ಳುವುದೇ ಆದರೆ ಬಿಲ್ಲಿರುವ ಲಕ್ಷ ದಾಟಿದ ಗಾಡಿ ಕೊಳ್ಳಿ. ಬಿಲ್ಲಿಲ್ಲದ ನಲವತ್ತು ಸಾವಿರದ ಗಾಡಿಯನ್ನು ಏಜೆಂಟನ ಅಂಗಳದಲ್ಲೇ ಬಿಟ್ಟುಬನ್ನಿ.